ಗಾಳಿ ನೋಡುವುದು

ಹೆಣ್ಣು ನೋಡಲು ಹೊರಟ ದಿನವೂ
ಇಷ್ಟು ಸಲ ಅಂಗಿ ಬದಲಿಸಿರಲಿಲ್ಲ ನಾನು.
ಬೇಕಲದ ಕಡಲಲ್ಲಿ ಮುಳುಗಿಸಿ ತೋರಿಸುವವರು ಮೂವರಿದ್ದಾರಂತೆ.
ವಾರಿಜಳ ಕೈಯಲ್ಲಿ ಮೂರು ಚೀಟಿ,
ಮೂರರಲ್ಲೂ ಅದೇ ಹಳದಿ ಮೀನು,
ಎಲ್ಲಿಯದೋ ದ್ವೀಪದಿಂದ ಕಡ ತಂದ ನೀಲಿ.

ಉಪ್ಪಳದಲ್ಲಿ ಇಪ್ಪತ್ತಾರು ವರ್ಷ ಗಾಳಿ ಮಾರಿದವನು ನಾನು.
ಸೈಕಲ್ಲಿಗೆ ಎಂಟಾಣೆ ಇದ್ದಾಗ ಶುರು,
ರಸ್ತೆ ಅಗಲವಾಗಿ ಅಂಗಡಿ ಹೋಗುವಾಗ ಲಾರಿಯ ಒಂದು ಚಕ್ರಕ್ಕೆ ಇಪ್ಪತ್ತು.
ಪರಿಹಾರದ ದುಡ್ಡಲ್ಲಿ ಸಾಲ ತೀರಿಸಿ, ಅವಳ ಹಲ್ಲು ಕಟ್ಟಿಸಿ,
ಸ್ವಲ್ಪ ಉಳಿಯಿತು.
ಅವಳೇ ಹೇಳಿದ್ದು:
"ಮೇಲಿನ ಧೂಳು ಕುಡಿದದ್ದು ಸಾಕು. ಒಮ್ಮೆ ಅಡಿ ನೋಡಿ ಬರುವ."

ಮೊದಲನೆಯವನದು ಎ.ಸಿ. ಕೋಣೆ, ಸೋಫಾ, ಲಿಂಬೆ ಶರಬತ್ತು.
"ಗಾಳಿ ಎಲ್ಲಿ ತುಂಬುತ್ತೀರಿ?" ಎಂದೆ.
"ಗಾಳಿ ಎಲ್ಲ ಕಡೆ ಉಂಟಲ್ಲ ಸರ್," ನಕ್ಕ ಹುಡುಗ.
ಮೂತ್ರಕ್ಕೆಂದು ಎದ್ದು ಹಿತ್ತಿಲಿಗೆ ಹೋದೆ.
ಜನರೇಟರು ಹೊಗೆ ಕಾರುವ ಕೊಳವೆ,
ಅದಕ್ಕೆ ಒಂದೇ ಗೇಣು ದೂರದಲ್ಲಿ
ಕಂಪ್ರೆಸರು ಗಾಳಿ ಎಳೆಯುವ ಬಾಯಿ.
ಟಯರಿಗಾದರೆ ನಡೆದೀತು.
ಟಯರು ಉಸಿರಾಡುವುದಿಲ್ಲ.

ಎರಡನೆಯವ ಅರ್ಧ ಬೆಲೆಗೆ, ಫೋಟೋ ಫ್ರೀ.
ಸಿಲಿಂಡರುಗಳೆಲ್ಲ ಮದುಮಕ್ಕಳ ಹಾಗೆ ಹೊಸ ಬಣ್ಣದಲ್ಲಿ.
ಕುತ್ತಿಗೆಯ ಹತ್ತಿರ ಉಗುರಿನಿಂದ ಕೆರೆದೆ:
ಕೊನೆಯ ಪರೀಕ್ಷೆ ಆಗಿ ಒಂಬತ್ತು ವರ್ಷ.
ಅಷ್ಟರಲ್ಲಿ ಅವಳ ಮುಂದೆ ಐದು ಹಾಳೆ,
ಇಂಗ್ಲಿಷಿನಲ್ಲೊಂದು ಸಲ, ಮಲಯಾಳದಲ್ಲೊಂದು ಸಲ.
"ಕನ್ನಡದ್ದು ಇಲ್ಲವೋ?"
"ಓದುವುದು ಬೇಡ ಚೇಚಿ, ಸೈನ್ ಮಾತ್ರ ಸಾಕು."
ವಾರಿಜ ಪೆನ್ನಿನ ಮುಚ್ಚಳ ಹಾಕಿದಳು.
"ಓದುವುದು ಬೇಡದ ಕಾಗದಕ್ಕೆ ಒಮ್ಮೆ ಸೈನ್ ಹಾಕಿದ್ದೇನೆ ಮಗಾ.
ಅದರ ಮೇಲೆ ಈಗ ಲಾರಿ ಓಡ್ತಾ ಉಂಟು."

ಮೂರನೆಯದಕ್ಕೆ ಬೋರ್ಡೇ ಇಲ್ಲ.
ಕುಂಞಂಬು ಹಿಂದೆ ಕಲ್ಲಿನಿಂದ ನೀಲಿಕಲ್ಲು ಕೀಳುತ್ತಿದ್ದವ,
ಬರೀ ಮೈಯಲ್ಲಿ, ಒಂದೇ ಉಸಿರಲ್ಲಿ.
ಎಡಗಿವಿ ಕೇಳುವುದಿಲ್ಲ, ಬಲಬದಿ ನಿಂತು ಮಾತಾಡಬೇಕು.
ಗಾಳಿ ಎಳೆಯುವ ಕೊಳವೆಯನ್ನು ತೆಂಗಿನ ಮರಕ್ಕೆ
ಕಳ್ಳಿನ ಮಡಕೆಯಷ್ಟು ಎತ್ತರಕ್ಕೆ ಏರಿಸಿದ್ದಾನೆ,
ಬಾಯಿಗೆ ಉಪ್ಪಿನಕಾಯಿ ಭರಣಿಗೆ ಕಟ್ಟಿದ ಹಾಗೆ ಬಿಳಿ ಬಟ್ಟೆ.
"ಎಷ್ಟು ಪ್ರೆಶರು?"
"ಮೂರು ಸಾವಿರ."
ಲಾರಿಗೆ ನೂರಿಪ್ಪತ್ತು ತುಂಬಿದವನ ಮೊಣಕಾಲು ಸ್ವಲ್ಪ ನಡುಗಿತು.
ತಿರುಪು ಒಂದಿಷ್ಟು ಸಡಿಲಿಸಿ ನನ್ನ ಅಂಗೈಗೆ ಬಿಟ್ಟ.
ಮೂಸಿದೆ.
ಎಣ್ಣೆಯಿಲ್ಲ, ರಬ್ಬರಿಲ್ಲ, ಡೀಸೆಲಿಲ್ಲ.
ಇಷ್ಟು ವರ್ಷ ಮಾರಿದ್ದು ಎಂತ ಹಾಗಾದರೆ ನಾನು?

ಬಿ.ಪಿ. ಮಾತ್ರೆ ಕೇಳಿದ, ಕಿವಿ ಕೇಳಿದ, ರಾತ್ರಿ ಉಂಡದ್ದು ಕೇಳಿದ.
ಆಗಲೇ ವಾರಿಜ ಸೀನಿದಳು.
"ಶೀತ ಉಂಟು. ಇವತ್ತು ಬೇಡ."
"ದುಡ್ಡು ತಂದಿದ್ದೇವೆ ಮಾರಾಯ."
"ದುಡ್ಡಿಗೆ ಶೀತ ಆಗಿಲ್ಲ," ಎಂದ, ಬಲಗಿವಿ ತುರಿಸುತ್ತಾ.
ಬಸ್ಸಲ್ಲಿ ಕುಂಬಳೆಯವರೆಗೂ ಅವಳು ಕಿಟಕಿಯ ಕಡೆಗೇ ಮುಖ.
"ನೂರು ನೋಡಿ ಆರಿಸಿದ್ದು ಇದನ್ನು," ಎಂದಳು ಕೊನೆಗೆ,
ಕುಂಞಂಬುವಿಗೋ ನನಗೋ ಗೊತ್ತಾಗಲಿಲ್ಲ.

ಒಂಬತ್ತು ದಿನ ಕರಿಮೆಣಸಿನ ಕಷಾಯ.
ಹತ್ತನೆಯ ದಿನ ಅವಳೇ ಮೊದಲು ಹಾರಿದ್ದು.

ಚೀಟಿಯ ನೀಲಿ ಅಲ್ಲಿರಲಿಲ್ಲ.
ಗಂಜಿತಿಳಿಯಂಥ ಮಬ್ಬು ಹಸಿರು,
ನನ್ನದೇ ಉಸಿರು ನನಗೇ ಗೊರಗೊರ ಕೇಳುತ್ತಾ.
ಮೀನೂ ಹೆಚ್ಚಿಲ್ಲ.
ವಾರಿಜ ಬೆರಳು ಮಾಡಿದಳು, ನಕ್ಕಿರಬೇಕು,
ಗುಳ್ಳೆಗಳ ಗೊಂಚಲೇ ಎದ್ದಿತು.
ಮರಳಲ್ಲಿ ಅರ್ಧ ಹೂತ ಲಾರಿ ಟಯರು.
ಗೀರು ಸವೆದು, ಅಂಚಿಗೆಲ್ಲ ಚಿಪ್ಪು ಮೆತ್ತಿ.
ಅಭ್ಯಾಸ ನೋಡಿ,
ಹೆಬ್ಬೆರಳಿಂದ ಒತ್ತಿ ನೋಡಿದೆ.
ಒಳಗಿಂದ ಒಂದು ಕಂದು ಮೀನು ಹೊರಗೆ ತಲೆ ಹಾಕಿ
ಹೊತ್ತಲ್ಲದ ಹೊತ್ತಿಗೆ ಬಂದ ಗಿರಾಕಿಯನ್ನು ನೋಡುವ ಹಾಗೆ
ನೋಡಿತು.